ಮೆಣಸಿನ ಬಳ್ಳಿಗೆ ಹೆಪ್ಪು

ನಮ್ಮ ಬಚ್ಚಲಿನ ನೀರು ಹರಿದು ಹೋಗುವಲ್ಲಿ ಒಂದು ನುಗ್ಗೆಗಿಡ, ಆ ನುಗ್ಗೆಗಿಡಕ್ಕೆ ಹಬ್ಬಿದ ಒಂದು ಬಳ್ಳಿ. ಬಸವನ ಬಾಗೇವಾಡಿಯ ನಮ್ಮ ಓಣಿಯವರೆಲ್ಲ ಅದನ್ನು ವೀಳ್ಯದೆಲೆ ಬಳ್ಳಿ ಎಂದೇ ತಿಳಿದಿದ್ದರು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಬಾಯಲ್ಲಿ ಅಡಿಕೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಕೇಳದೆಯೇ ಒಂದು ಎಲೆ ಕಿತ್ತು, ಸುಣ್ಣ ಹಚ್ಚಿ ಜಗಿದು, ಆಮೇಲೆ ನನ್ನನ್ನು ಒಂದು ಥರ ನೋಡುತ್ತಿದ್ದರು. ಕೇಳಿ ಕೀಳುವವರಿಗೆ ಮಾತ್ರ ನಾನು ನಿಜ ಹೇಳುತ್ತಿದ್ದೆ. ಅದು ಕರಿಮೆಣಸಿನ ಬಳ್ಳಿ.

ಕಾಲೇಜಿನ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಘಟ್ಟದ ಕಡೆ ಹೋಗಿದ್ದಾಗ ಒಂದು ತುಂಡು ಬಳ್ಳಿಯನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ ತಂದಿದ್ದೆ. ಮುದ್ದೇಬಿಹಾಳದಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ ನಾನು ನನ್ನ ಕೈಯಾರೆ ಬೆಳೆಸಿದ್ದು ಅದೊಂದನ್ನೇ. ಅದೂ ಒಂದು ಕಾಳು ಬಿಡಲಿಲ್ಲ. ಬರೀ ಎಲೆ, ಮತ್ತು ಬುಡದಿಂದ ನೆಲದ ಮೇಲೆ ಹರಿದಾಡುವ ಕುಡಿಗಳು. ನಮ್ಮ ಯಜಮಾನರು ಅದನ್ನು ನೋಡಿದಾಗಲೆಲ್ಲ, "ನಿನ್ನಂಗ ಅದ ನೋಡು. ಹಬ್ಬೂದು ಭಾಳ, ಫಲ ಇಲ್ಲ" ಎನ್ನುವರು. ನಮ್ಮ ಮನೆಯಲ್ಲಿ ಎಣಿಕೆ ಮತ್ತು ಸಿಟ್ಟು ಮರಾಠಿಯಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ. ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ.

ಈ ಬಳ್ಳಿಗೆ ಒಂದು ಕೆಲಸ ಸಿಕ್ಕಿದ್ದು ಹೋದ ವರ್ಷ, ನಮಗೆ ಮೊಸರು ಹಾಕುವ ಹೆಣ್ಣುಮಗಳಿಂದ.

ಅವಳು ಇಂಗಳೇಶ್ವರದವಳು. ಮೊದಲ ಬಸ್ಸಿಗೆ ಬುಟ್ಟಿಯಲ್ಲಿ ಎರಡು ಗಡಿಗೆ ಇಟ್ಟುಕೊಂಡು ಬರುತ್ತಾಳೆ. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು. ಗಂಡ ಕುರಿ ಹಿಂಡಿನ ಹಿಂದೆ ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುವವನು. ಮನೆಯಲ್ಲಿ ಎರಡು ಎಮ್ಮೆ, ಒಬ್ಬಳೇ ಮಗಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಮಾತಿನಲ್ಲಿ ಹತ್ತು ವರ್ಷ ದೊಡ್ಡವಳು. ನಮ್ಮ ಕಡೆ ಟೀಚರನ್ನು ಕರೆಯುವಂತೆ ನನ್ನನ್ನು 'ಅಕ್ಕಾರ' ಎಂದೇ ಕರೆಯುತ್ತಾಳೆ. ಹಿತ್ತಲ ಕಟ್ಟೆಯ ಮೇಲೆ ಕೂತು ಒಂದು ಕಪ್ ಚಹ ಕುಡಿಯುವಷ್ಟರಲ್ಲಿ ಸಿಂದಗಿಯಿಂದ ಇಂಡಿಯವರೆಗಿನ ಸುದ್ದಿಯೆಲ್ಲ ಮುಗಿಸುತ್ತಾಳೆ. ಅವಳು ಬಂದು ಹೋದ ಮೇಲೆ ನಾನು ಪೇಪರು ಓದುವುದು ಪದಬಂಧಕ್ಕಾಗಿ ಮಾತ್ರ.

ಒಂದು ಸಲ ನಮ್ಮ ಮನೆಯಲ್ಲಿ ಹೆಪ್ಪಿಗೂ ಮೊಸರು ಉಳಿದಿರಲಿಲ್ಲ. ಮೊಸರು ಮಾರುವವಳಿಗೆ ಹೆಪ್ಪು ಕೇಳುವುದು ಹೇಗೆ ಎಂದು ನಾನು ಮುಜುಗರಪಡುತ್ತಿದ್ದರೆ ಅವಳು ನಕ್ಕು ಒಂದು ಚಮಚ ಹಾಕಿಕೊಟ್ಟಳು.

"ಹೆಪ್ಪಿಗೆ ರೊಕ್ಕ ಇಲ್ರಿ ಅಕ್ಕಾರ. ಕೇಳಿದವರಿಗೆ ಇಲ್ಲ ಅನಬಾರದು. ಹೆಪ್ಪು ಕೇಳೂದು ಬಾಜೂಮನಿಯವರ ಹಕ್ಕು."

ಬಾಜೂಮನಿ ಎಂದರೆ ಪಕ್ಕದ ಮನೆ. ಹತ್ತು ಕಿಲೋಮೀಟರ್ ದೂರದ ಇಂಗಳೇಶ್ವರದವಳಿಗೆ ನಾನು ಅಂದಿನಿಂದ ಬಾಜೂಮನಿಯವಳಾದೆ.

ಹೋದ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಅವಳ ಮಗಳಿಗೆ ಗಂಡು ಗೊತ್ತಾಯಿತು. ಹುಡುಗ ಯಲ್ಲಾಪುರದ ಕಡೆಯವನು. ಇವರದೇ ಮಂದಿ, ಆದರೆ ಅಜ್ಜನ ಕಾಲದಲ್ಲಿ ಕೂಲಿಗೆಂದು ಹೋಗಿ ಅಲ್ಲೇ ಒಂದು ತುಂಡು ಭೂಮಿ ಮಾಡಿಕೊಂಡು ನಿಂತವರು. ನಿಶ್ಚಯದ ಮರುದಿನ ಅವಳು ಮೊಸರು ಹಾಕಿ, ಚಹ ಕುಡಿದು, ಒಂದು ಸುದ್ದಿಯನ್ನೂ ಹೇಳದೆ ಕೂತಳು. ನನಗೆ ಗಾಬರಿಯಾಯಿತು.

"ಏನಾತ ಬೇ? ಬೀಗರು ಏನರೆ ಕೇಳಿದ್ರೇನು?"

"ಏನೂ ಕೇಳಿಲ್ರಿ. ಛಲೋ ಮಂದಿ. ನಾನ ಬಾಯಿ ಬಿಟ್ಟು ಕೆಟ್ಟೇನಿ."

ನಿಶ್ಚಯದ ಊಟಕ್ಕೆ ಕೂತಾಗ ಬೀಗತಿ ನಗೆಚಾಟಿಕೆ ಮಾಡಿದಳಂತೆ. ನಿಮ್ಮ ಮಗಳು ಬಿಸಿಲಾಗ ಹುಟ್ಟಿದಾಕಿ, ನಮ್ಮಲ್ಲಿ ನೆಳ್ಳಾಗ ಬಳ್ಳಿ ಬೆಳೆಸೂದು ಆಕಿಗೆಲ್ಲಿ ತಿಳೀತೈತಿ, ನೀವು ಜ್ವಾಳದ ಮಂದಿ, ಮೆಣಸಿನ ಬಳ್ಳಿ ಕಣ್ಣಿಲೆ ಕಂಡೀರೇನು, ಅಂತ. ಬೀಗರ ನಡುವೆ ಇಂಥ ಮಾತು ಇರುವುದೇ. ನಕ್ಕು ಸುಮ್ಮನಾಗಬೇಕಿತ್ತು. ಆದರೆ ಮಗಳು ಅಷ್ಟು ದೂರ ಹೋಗುತ್ತಾಳೆಂಬ ಸಂಕಟ ಒಳಗೆ ಇತ್ತಲ್ಲ, ಅದು ಮಾತಾಗಿ ಹೊರಬಿತ್ತು. ಹತ್ತು ಮಂದಿಯ ಮುಂದೆ ಇವಳು ಹೇಳಿಬಿಟ್ಟಳು: "ಮಗಳನ್ನ ಕಳಸೂ ಮುಂದ ಆಕಿ ಉಡ್ಯಾಗ ಐದು ಮೆಣಸಿನ ಬಳ್ಳಿ ಹಾಕಿ ಕಳಸ್ತೇನ್ರಿ. ನನ್ನ ಕೈಯಿಲೆ ಬೇರು ಬಿಡಿಸಿದ್ದು."

ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅಡಿಕೆ, ಎಲೆ. ಅದರಲ್ಲಿ ಹಾಕುತ್ತೇನೆಂದು ಬಾಯಿಬಿಟ್ಟು ಹೇಳಿದ್ದನ್ನು ಹಾಕದಿದ್ದರೆ ಅದು ಬರೀ ಮಾತು ತಪ್ಪಿದಂತಲ್ಲ. ಹೊಸ ಮನೆಯಲ್ಲಿ ಮಗಳು ಅದನ್ನು ಕೇಳಿಸಿಕೊಳ್ಳುತ್ತ ಬಾಳಬೇಕು. ಮದುವೆ ದೀಪಾವಳಿ ಕಳೆದ ಮೇಲೆ. ಇವಳು ಮೆಣಸಿನ ಬಳ್ಳಿಯನ್ನು ನಿಜಕ್ಕೂ ಕಣ್ಣಿಲೆ ಕಂಡಿರಲಿಲ್ಲ.

"ಕಂಡಿ ಅಲ್ಲ," ಎಂದೆ ನಾನು. "ದಿನಾ ಅದರ ಮುಂದನ ಕೂತು ಚಹಾ ಕುಡೀತಿ."

ಅವಳು ನುಗ್ಗೆಗಿಡದ ಕಡೆ ನೋಡಿದಳು. "ಅದು ಎಲಿಬಳ್ಳಿ ಅಲ್ಲೇನ್ರಿ? ಅದಕ್ಕ ಹಂಗ ಕಾರ ಹತ್ತಿತ್ತು ನನಗ!" ಎಂದು ಎದ್ದು ಹೋಗಿ ಬಳ್ಳಿಯ ಬುಡ ಮುಟ್ಟಿ ನಮಸ್ಕಾರ ಮಾಡಿದಳು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನ ಪಾಠಕ್ಕೆ ಅಷ್ಟು ಬೇಗ ಎದ್ದು ನಿಂತದ್ದಿಲ್ಲ.

ನನಗೆ ಹುರುಪು ಬಂತು. ನಿವೃತ್ತಿಯಾದ ಮೇಷ್ಟರಿಗೆ ಒಬ್ಬ ವಿದ್ಯಾರ್ಥಿ ಸಿಕ್ಕರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಪುಸ್ತಕ ತೆಗೆದೆ, ಮೊಬೈಲು ನೋಡಿದೆ, ಕೃಷಿ ಓದಿದ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿ ತಲೆ ತಿಂದೆ. ನೆಲದ ಮೇಲೆ ಹರಿದ ಕುಡಿಗಳನ್ನು ಎರಡು ಮೂರು ಗೆಣ್ಣಿಗೆ ಒಂದರಂತೆ ಕತ್ತರಿಸಿ ನಲವತ್ತು ತುಂಡು ಮಾಡಿದೆ. ನಮ್ಮ ಎರಿ, ಎಂದರೆ ಕಪ್ಪು ಮಣ್ಣು ಬೇಡ, ನೀರು ಹಿಡಿದು ಬುಡ ಕೊಳೆಯುತ್ತದೆ. ಕೆಂಪು ಮಸಾರಿ ಮಣ್ಣು ಎರಡು ಪಾಲು, ಹಳ್ಳದ ಉಸುಕು ಒಂದು ಪಾಲು, ಹಳೆಯ ಗೊಬ್ಬರ ಒಂದು ಪಾಲು. ಗೊಬ್ಬರದ ವಿಷಯಕ್ಕೆ ನಮ್ಮಲ್ಲಿ ಜಗಳವೇ ಆಯಿತು. ನಾನು ಎರೆಹುಳು ಗೊಬ್ಬರ ಎಂದೆ. ಅವಳು ಕುರಿ ಹಿಕ್ಕೆ ಎಂದಳು. ಕುರಿ ಹಿಕ್ಕೆ ಉಷ್ಣ ಎಂದೆ. "ಹೋದ ವರ್ಷದ್ದು ಐತ್ರಿ, ತಣ್ಣಗಾಗೇತಿ. ಕುರಿ ಕಾಯೋರಿಗೆ ಹಿಕ್ಕಿ ಪಾಠ ಹೇಳಬ್ಯಾಡ್ರಿ" ಎಂದಳು. ಕೊನೆಗೆ ಎರಡನ್ನೂ ಅರ್ಧರ್ಧ ಹಾಕುವುದೆಂದಾಯಿತು.

ಮುದ್ದೇಬಿಹಾಳಕ್ಕೆ ಹೋಗಿ ಮೂರು ಪಾಕೀಟು ಜೈವಿಕ ಗೊಬ್ಬರ ತಂದೆ. ಒಂದು, ಬೇರಿಗೆ ಸಾರಜನಕ ಒದಗಿಸುವ ಅಜೋಸ್ಪಿರಿಲಮ್. ಇನ್ನೊಂದು, ಬೇರಿಗೆ ಅಂಟಿ ಬೆಳೆದು ದೂರದ ಸಾರ ಎಳೆದು ಕೊಡುವ ಮೈಕೋರೈಜಾ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದ ಟ್ರೈಕೋಡರ್ಮಾ. ಮಣ್ಣಿನಲ್ಲಿ ಬುಡ ಕೊಳೆಸುವ ಕೆಟ್ಟ ಬೂಷ್ಟನ್ನು ತಿಂದು ಹಾಕುವ ಒಳ್ಳೆಯ ಬೂಷ್ಟು ಅದು. ಇಷ್ಟೆಲ್ಲ ನನಗೆ ಗೊತ್ತಿತ್ತು. ಅವಳಿಗೆ ಹೇಳಿದ್ದು ಒಂದೇ ಮಾತು: "ಈ ಪುಡಿ ಗೊಬ್ಬರದಾಗ ಕಲಿಸಿ, ಹಾಲಿನ ಪಾಕೀಟಿನಾಗ ಮಣ್ಣು ತುಂಬು."

ಅಷ್ಟರಲ್ಲಿ ಇಂಡಿಯಲ್ಲಿದ್ದ ನನ್ನ ತಂಗಿಯ ಮೊಣಕಾಲಿನ ಆಪರೇಶನ್ ಬಂತು. ಬಳ್ಳಿ ತುಂಡುಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಪಾಕೀಟುಗಳ ಜೊತೆ ಅವಳ ಬುಟ್ಟಿಯಲ್ಲಿಟ್ಟು ನಾನು ಇಂಡಿಗೆ ಹೋದೆ. ಮೂರು ವಾರ ಅಲ್ಲೇ ಆಯಿತು.

ಬಂದ ಮರುದಿನ ಅವಳು ಮೊಸರಿನ ಗಡಿಗೆಯ ಪಕ್ಕದಲ್ಲಿ ನಾಲ್ಕು ತುಂಡು ತಂದಿದ್ದಳು. ಬುಡ ಕರ್ರಗೆ ಮೆತ್ತಗಾಗಿ, ಮೂಗಿಗೆ ಹಿಡಿದರೆ ಕೊಳೆತ ವಾಸನೆ. ನಲವತ್ತೂ ಹೀಗೇ, ಎಂದಳು. ನೀರು ಹೆಚ್ಚು ಹಾಕಿದಿಯಾ? ಇಲ್ಲ. ಬಿಸಿಲಿಗಿಟ್ಟಿದಿಯಾ? ಇಲ್ಲ, ಗೋಡೆಯ ನೆರಳಲ್ಲಿ ಹಳೆಯ ಸೀರೆ ಕಟ್ಟಿ ಇಟ್ಟಿದ್ದೆ. ಪುಡಿ ಕಲಿಸಿದಿಯಾ?

"ಕಲಿಸೇನ್ರಿ. ಮೂರೂ. ಪಾಕೀಟು ಒಡದ್ರ ಪುಡಿ ಹಸೀ ಹಸೀ ಇತ್ರಿ ಅಕ್ಕಾರ. ಅಂಗಡ್ಯಾವ ಹಸೀದ ಕೊಟ್ಟಾನ, ಹುಳ ಹಿಡೀತೈತಿ ಅಂತ ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಜೋಡಿ ಎರಡು ದಿನ ಒಣಾ ಹಾಕಿನಿ. ಗರಿ ಗರಿ ಆಗಿತ್ತು."

ನಮ್ಮ ಕಡೆಯ ಯಾವ ಒಳ್ಳೆಯ ಗೃಹಿಣಿಯೂ ಮಾಡುವುದು ಅದನ್ನೇ. ಬೀಜದ ಜೋಳ, ಬೇಳೆ, ಶಾವಿಗೆ, ಸಂಡಿಗೆ, ಹಾಸಿಗೆ, ಮನೆಗೆ ಬಂದದ್ದು ಏನೇ ಇರಲಿ ಮೊದಲು ಮಾಳಿಗೆಯ ಬಿಸಿಲು ಕಾಣಬೇಕು. ಹಸಿ ಇದ್ದದ್ದನ್ನು ಹಾಗೇ ಬಳಸುವವಳು ಸೋಮಾರಿ. ಇದು ನನಗೆ ಈಗ ಹೊಳೆಯುತ್ತದೆ. ಆವತ್ತು ಹೊಳೆದದ್ದು ಬರೀ ಮರಾಠಿ. ಮರಾಠಿ ಮುಗಿದ ಮೇಲೆ ಕನ್ನಡ.

"ಬುದ್ಧಿ ಅದನೋ ಇಲ್ಲೋ ನಿನಗ? ಎಲ್ಲಾ ಸುಟ್ಟು ಕೊಂದಿ! ಅದರಾಗ ಜೀವ ಇತ್ತು!"

ಓಣಿಯ ಮೂರು ಮನೆಯ ಬಾಗಿಲು ತೆರೆದವು. ಅವಳು ಗಡಿಗೆಯ ಮೇಲಿನ ಬಟ್ಟೆ ಸರಿಮಾಡಿದಳು.

"ಜೀವ ಇತ್ತೇನ್ರಿ?" ಎಂದಳು. "ನೀವು ಪುಡಿ ಅಂದ್ರಿ."

ಅಷ್ಟೇ ಹೇಳಿ ಬುಟ್ಟಿ ಹೊತ್ತು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಮ್ಮ ಯಜಮಾನರು ಅಂಗಡಿಯಿಂದ ಪಾಕೀಟಿನ ಮೊಸರು ತಂದು ಊಟಕ್ಕೆ ಕೂತು, ಒಂದು ತುತ್ತು ಉಂಡು, ನನ್ನ ಮುಖ ನೋಡಿ, "ಪುಡಿ ಅಂದಿದ್ದು ನೀನ ಹೌದಲ್ಲೊ?" ಎಂದು ಕೇಳಿದರು. ನನಗೆ ನಾಚಿಕೆಯಾಗಿತ್ತು. ಮೂವತ್ತು ವರ್ಷ ಬೋರ್ಡಿನ ಮೇಲೆ ಸೂಕ್ಷ್ಮಜೀವಿಗಳ ಚಿತ್ರ ಬರೆದವಳು ನಾನು. ಆ ಮಾತು ಅಗತ್ಯವಿದ್ದ ಒಬ್ಬಳೇ ಒಬ್ಬಳಿಗೆ ಅದನ್ನು ಹೇಳಿರಲಿಲ್ಲ. ಅವಳಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದೆ. ಅದು ಅವಳ ತಪ್ಪಿಗಿಂತ ದೊಡ್ಡ ತಪ್ಪು.

ಐದನೆಯ ದಿನ ಬುಡದಲ್ಲಿ ಉಳಿದಿದ್ದ ಕುಡಿಗಳನ್ನೆಲ್ಲ ಕತ್ತರಿಸಿದೆ. ಹನ್ನೆರಡೇ ತುಂಡಾದವು. ಹೊಸ ಪಾಕೀಟು ತಂದು, ಸಂಜೆ ಬಸ್ಸಿಗೆ ಇಂಗಳೇಶ್ವರಕ್ಕೆ ಹೋದೆ.

ಅವಳು ಒಲೆಯ ಮುಂದೆ ಕಾಯಿಸಿದ ಹಾಲು ಆರಿಸುತ್ತಿದ್ದಳು. ನನ್ನನ್ನು ಕಂಡು, "ಬರ್ರಿ ಅಕ್ಕಾರ, ಕುಂದರ್ರಿ" ಎಂದಳೇ ಹೊರತು ಮುಖ ನೋಡಲಿಲ್ಲ. ಮಗಳು ನೀರು ತಂದುಕೊಟ್ಟಿತು. ನಾನು ತಪ್ಪಾಯಿತು ಎಂದು ಹೇಳಿದೆ. ಆ ಮಾತು ನನಗೆ ಸಲೀಸಾಗಿ ಬರುವುದಲ್ಲ. ಆಮೇಲೆ ಪಾಠ ಶುರು ಮಾಡಿದೆ. ಈ ಪುಡಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇವೆ, ಅವು ಹಸಿ ಇದ್ದರೆ ಬದುಕುತ್ತವೆ, ಬಿಸಿಲಿಗೆ ಸಾಯುತ್ತವೆ, ಗೊಬ್ಬರದಲ್ಲಿ ಕಲಿಸಿ ನೆರಳಲ್ಲಿ ಮುಚ್ಚಿಟ್ಟರೆ ಒಂದಕ್ಕೆ ಸಾವಿರ ಆಗುತ್ತವೆ, ಆಮೇಲೆ ಆ ಗೊಬ್ಬರದಿಂದ ಒಂದು ಹಿಡಿ ತೆಗೆದು ಬೇರೆ ಗೊಬ್ಬರಕ್ಕೆ ಹಾಕಿದರೂ ಸಾಕು. ಅವಳು ಕೇಳುತ್ತ ಕೇಳುತ್ತ ಹಾಲಿನೊಳಗೆ ಕಿರುಬೆರಳು ಅದ್ದಿ ಬಿಸಿ ನೋಡಿದಳು, ಒಂದು ಚಮಚ ಮೊಸರು ಬಿಟ್ಟಳು, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಮೂಲೆಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೆಪ್ಪು ಅನ್ರಿ ಮತ್ತ."

ನಾನು ಕೈಯಲ್ಲಿದ್ದ ಪಾಕೀಟನ್ನು ಕೆಳಗಿಟ್ಟೆ.

"ಇಷ್ಟುದ್ದ ಯಾಕ ಹೇಳ್ತೀರಿ ಅಕ್ಕಾರ? ಹೆಪ್ಪು ಅಂದಿದ್ರ ನಾ ಬಿಸಲಿಗೆ ಹಾಕ್ತಿದ್ನೇನು? ಕುದಿಯೂ ಹಾಲಿಗೆ ಹೆಪ್ಪು ಹಾಕೂವಷ್ಟು ದಡ್ಡಿ ಏನ್ರಿ ನಾ?"

"ನೀ ದಡ್ಡಿ ಅಲ್ಲ ಬೇ. ನಾನ ದಡ್ಡಿ."

"ಇರ್ಲಿ ಬಿಡ್ರಿ," ಎಂದಳು. "ಇಬ್ರೂ ಅರ್ಧರ್ಧ. ಗೊಬ್ಬರದಂಗ." ಮಗಳು ಕಿಸಕ್ಕನೆ ನಕ್ಕಿತು. ನಾನು ಅಲ್ಲೇ ಮೊಸರನ್ನ ಉಂಡು ಕೊನೆಯ ಬಸ್ಸಿಗೆ ಬಂದೆ.

ಮುಂದಿನದೆಲ್ಲ ಅವಳೇ ಮಾಡಿದಳು, ನಾನು ಬರೀ ಕೇಳಿಸಿಕೊಂಡೆ. ಒಂದು ಬುಟ್ಟಿ ಹಳೆಯ ಗೊಬ್ಬರಕ್ಕೆ ಬೇವಿನ ಹಿಂಡಿ ಸೇರಿಸಿ, ಪುಡಿ ಕಲಿಸಿ, ಕೈಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಇಳಿಯಬಾರದು, ಅಷ್ಟು ತೇವ ಮಾಡಿ ಗೋಣಿಚೀಲ ಮುಚ್ಚಿ ಎಮ್ಮೆ ಕಟ್ಟುವ ನೆರಳಲ್ಲಿ ಇಟ್ಟಳು. ಬೇರೆಯವರು ಇಣುಕದಂತೆ ಮೇಲೊಂದು ಮೊರ. ಹತ್ತು ಹನ್ನೆರಡು ದಿನಕ್ಕೆ ಗೊಬ್ಬರದ ಮೇಲೆ ಹಸಿರು ಬೂಷ್ಟು ಎದ್ದಿತು. ಮೊದಲಾಗಿದ್ದರೆ ಕೆಟ್ಟಿತೆಂದು ಚೆಲ್ಲುತ್ತಿದ್ದಳು. ಈಗ ಬಂದು, "ಕೂಡೇತ್ರಿ ಅಕ್ಕಾರ!" ಎಂದು ಹೇಳಿದಳು. ಮೊಸರು ಕೂಡಿದ್ದನ್ನು ಹೇಳುವ ಅದೇ ದನಿ.

ಅಲ್ಲಿಯತನಕ ಹನ್ನೆರಡು ತುಂಡುಗಳನ್ನು ನಾನು ನಮ್ಮ ಮನೆಯಲ್ಲೇ ಒದ್ದೆ ಉಸುಕಿನಲ್ಲಿ ಊರಿಟ್ಟು ಕಾದಿದ್ದೆ. ಅವಳು ಅವನ್ನು ಒಯ್ದು, ಹಾಲಿನ ಪಾಕೀಟಿಗೆ ಸೂಜಿಯಿಂದ ತೂತು ಮಾಡಿ, ಮಣ್ಣು ತುಂಬಿ, ಒಂದು ಗೆಣ್ಣು ಒಳಗೆ ಹೋಗುವಂತೆ ನೆಟ್ಟಳು. ಮೇಲೆ ಒದ್ದೆ ಗೋಣಿಚೀಲದ ಗುಡಾರ. ಆಷಾಢದ ಗಾಳಿ ಹೋಗಿ ಶ್ರಾವಣ ಬಂದಿತ್ತು, ಆದರೂ ನಮ್ಮ ಗಾಳಿಯಲ್ಲಿ ತೇವವೆಲ್ಲಿ? ದಿನಕ್ಕೆ ಮೂರು ಸಲ ಗೋಣಿಗೆ ನೀರು ಚಿಮುಕಿಸಬೇಕು. ಅವಳು ಊರೂರು ಮೊಸರು ಮಾರಲು ಹೋದಾಗ ಮಗಳು ಚಿಮುಕಿಸುತ್ತಿತ್ತು. ಗುಡಿಯಲ್ಲಿ ಕಾಯಿ ಒಡೆದವರ ಹತ್ತಿರ ಕಾಯಿ ನೀರು ಬೇಡಿ ತಂದು ವಾರಕ್ಕೊಮ್ಮೆ ಬುಡಕ್ಕೆ ಹಾಕುತ್ತಿತ್ತು. ಅದು ಪುಸ್ತಕದಲ್ಲೂ ಇದೆ, ಆದರೆ ನಾನು ಹೇಳಿದ್ದಲ್ಲ. ದೇವರ ಕಾಯಿ ನೀರು ಒಳ್ಳೆಯದೆಂದು ತಾಯಿ ಮಗಳೇ ಮಾಡಿದ್ದು. ಎಳ್ಳಷ್ಟು ವಿಜ್ಞಾನವನ್ನು ದೇವರಿಗೆ ಬಿಟ್ಟುಕೊಡಲು ನಾನೂ ಆ ಹೊತ್ತಿಗೆ ಕಲಿತಿದ್ದೆ.

ಹನ್ನೆರಡರಲ್ಲಿ ಐದು ಒಣಗಿದವು. ಏಳು ಚಿಗುರಿದವು. ಮಹಾನವಮಿಯ ಹೊತ್ತಿಗೆ ಒಂದೊಂದರಲ್ಲಿ ಎರಡು ಎಲೆ, ದೀಪಾವಳಿಗೆ ನಾಲ್ಕು. ದಿನಾ ಬೆಳಿಗ್ಗೆ ಮೊಸರಿನ ಜೊತೆ ಎಲೆಯ ಲೆಕ್ಕವೂ ಬರುತ್ತಿತ್ತು. ನಮ್ಮ ಯಜಮಾನರು ಪದಬಂಧ ಬಿಟ್ಟು ಕೇಳುತ್ತಿದ್ದರು.

ಮದುವೆ ಇಂಗಳೇಶ್ವರದಲ್ಲೇ ಆಯಿತು. ಅಕ್ಕಿಕಾಳು ಬಿದ್ದು, ಊಟ ಮುಗಿದು, ಮಧ್ಯಾಹ್ನದ ಹೊತ್ತಿಗೆ ಬೀಗರ ಗಾಡಿ ಬಂದು ನಿಂತಿತು. ಉಡಿ ತುಂಬಲು ಮಗಳನ್ನು ಮಣೆಯ ಮೇಲೆ ಕೂರಿಸಿದರು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಅರಿಶಿನ ಕೊಂಬು ಬಿತ್ತು. ಆಮೇಲೆ ಇವಳು ಒಳಗಿನಿಂದ ಬುಟ್ಟಿ ತಂದಳು. ಐದು ಹಾಲಿನ ಪಾಕೀಟು, ಐದು ಬಳ್ಳಿ. ಆಗ ಎಲ್ಲರಿಗೂ ಹೊಳೆಯಿತು, ಮಗಳು ಉಟ್ಟದ್ದು ಇಳಕಲ್ ಸೀರೆ, ಪಾಕೀಟಿನ ತಳದಿಂದ ತೊಟ ತೊಟ ಕೆಸರು ನೀರು. ಇಷ್ಟು ತಿಂಗಳು ಇಬ್ಬರೂ ಬೇರಿನ ಬಗ್ಗೆ ಯೋಚನೆ ಮಾಡಿದ್ದೆವು, ಸೆರಗಿನ ಬಗ್ಗೆ ಮಾಡಿರಲಿಲ್ಲ. ಇವಳ ಕೈ ಬುಟ್ಟಿಯ ಮೇಲೆಯೇ ನಿಂತಿತು. ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು.

ಬೀಗತಿ ಮುಂದೆ ಬಂದಳು. ಗಟ್ಟಿ ಹೆಂಗಸು, ಕೈ ನನ್ನ ಎರಡರಷ್ಟು. ಮಗಳ ಪಕ್ಕದಲ್ಲೇ ಕೂತು ತನ್ನ ಸೆರಗು ಹಾಸಿದಳು. "ಇತ್ತಾಗ ಹಾಕ್ರಿ," ಎಂದಳು. "ನನ್ನ ಉಡಿ ಏನು, ಆಕಿ ಉಡಿ ಏನು."

ಐದೂ ಅವಳ ಸೆರಗಿಗೆ ಬಂದವು. ಒಂದನ್ನು ಎತ್ತಿ ಪಾಕೀಟಿನ ಮೂಲೆ ಹರಿದು ಬೆರಳಿನಿಂದ ಮಣ್ಣು ಕೆದಕಿದಳು. ಪರೀಕ್ಷೆಗೆ ಕೂತವಳು ನಾನೇ ಎಂಬಂತೆ ಬಗ್ಗಿ ನೋಡಿದೆ. ಮಣ್ಣಿನೊಳಗೆ ಬಿಳಿ ಬೇರು ದಟ್ಟವಾಗಿ ಹೆಣೆದುಕೊಂಡಿತ್ತು. ಬೀಗತಿ ಬೇರನ್ನು ಬೆರಳಿನಿಂದ ಸವರಿ ನೋಡಿದಳು. ನಗೆಚಾಟಿಕೆ ಬರಲಿಲ್ಲ.

"ನಮ್ಮೂವು ಈ ಮಳಿಗಾಲಕ್ಕ ಬುಡ ಕರ್ರಗಾಗಿ ಹೋಗ್ಯಾವ್ರಿ ಬೀಗತಿ," ಎಂದಳು ಮೆಲ್ಲಗೆ. "ಹಚ್ಚಿದ್ದು ಹಚ್ಚಿದಂಗ ಸೊರಗಿ ಹೋದೂವು. ಇದಕ್ಕೇನ್ ಹಾಕೀರಿ?"

ಇವಳು ಒಮ್ಮೆ ನನ್ನ ಕಡೆ ನೋಡಿದಳು. ಉತ್ತರ ನಾನು ಹೇಳಲಿ ಎಂದು. ಮೂರು ಹೆಸರೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ಜೀವನದಲ್ಲಿ ಮೊದಲ ಸಲ ನನಗೆ ಗೊತ್ತಿದ್ದ ಉತ್ತರವನ್ನು ನಾನು ಹೇಳಲಿಲ್ಲ.

"ಹೆಪ್ಪು," ಎಂದಳು ಅವಳು.

ಸುತ್ತ ನಿಂತವರೆಲ್ಲ ನಕ್ಕರು. ಬೀಗತಿ ನಗಲಿಲ್ಲ. "ಹಂಗಾದ್ರ ಒಂದೀಟು ಹೆಪ್ಪು ನಮಗೂ ಕೊಡ್ರಿ" ಎಂದು ಕೈ ಚಾಚಿದಳು.

ಇವಳು ಎಮ್ಮೆ ಕಟ್ಟುವ ಕಡೆ ಹೋಗಿ, ಮೊರ ಸರಿಸಿ, ಎರಡು ಬೊಗಸೆ ಹಸಿರು ಬೂಷ್ಟಿನ ಗೊಬ್ಬರವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು. ಗಾಡಿಯಲ್ಲಿ ಸೀಟಿನ ಕೆಳಗೆ ತಾನೇ ಇಟ್ಟು ಬೀಗತಿಗೆ ಹೇಳಿದಳು: "ದಾರ್ಯಾಗ ಬಿಸಲಿಗೆ ಹಿಡೀಬ್ಯಾಡ್ರಿ. ಗೊಬ್ಬರದಾಗ ಕಲಿಸಿ ನೆಳ್ಳಾಗ ಮುಚ್ಚಿಡ್ರಿ. ಅದರಾಗ ಜೀವ ಐತಿ." ಆಮೇಲೆ ಮಗಳನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಗಾಡಿ ಹೋಯಿತು.

ಮರುದಿನ ಅವಳು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಮೊದಲ ಬಸ್ಸಿಗೇ ಬಂದಳು. ಬುಟ್ಟಿಯಲ್ಲಿ ಗಡಿಗೆಯ ಪಕ್ಕ ಉಳಿದೆರಡು ಬಳ್ಳಿಗಳಲ್ಲಿ ಒಂದು. ಒಂದು ನಿಮಗೆ, ಒಂದು ನನಗೆ, ಎಂದಳು. ಮೊಸರು ಹಾಕಿದಳು, ಕಟ್ಟೆಯ ಮೇಲೆ ಕೂತಳು. ಕಣ್ಣು ಬಾತಿದ್ದವು. ನಾನು ಚಹ ಕೊಟ್ಟು, ಮಗಳು ಅಷ್ಟು ದೂರ ಹೋದಳು, ಮನೆ ಬಿಕೋ ಅನ್ನುತ್ತಿರಬೇಕು ಎಂದೆ.

ಅವಳು ಚಹ ಊದಿ ಊದಿ ಕುಡಿದಳು.

"ಎಲ್ಲಿ ದೂರ ಬಿಡ್ರಿ ಅಕ್ಕಾರ," ಎಂದಳು. "ಬೀಗತಿ ನಿನ್ನೆ ಹೆಪ್ಪು ಕೇಳಿ ಒಯ್ದಾಳ. ಹೆಪ್ಪು ಕೇಳೂದು ಬಾಜೂಮನಿಯವರು."